ಅಷ್ಟಮಿಯ ಫೋಟೊ

"ಇಲ್ಲೊಂದು ಸಾಕ್ಷಿ ಸಹಿ, ಹಿಂದಿನ ಹಾಳಿ ಮ್ಯಾಲೆ ಇನ್ನೊಂದು. ಇಷ್ಟ ಮಾಡ್ರಿ ತಂಗೀ. ನಿಮ್ಮ ಸಹಿ ನೋಡಿದ್ರ ಮಾಸ್ತರೂ ಹಟ ಬಿಟ್ಟು ಸಹಿ ಹಾಕ್ತಾರ. ನಾಳೆ ಸಂಜೀಕ ಮನ್ಯಾಗ ಕುಂತು ಚಾ ಕುಡೀತಾರ."

ಪುಂಡಲೀಕಪ್ಪ ಕಾಗದವನ್ನು ಜಮಖಾನೆಯ ಮೇಲೆ ಮುಂದಕ್ಕೆ ಸರಿಸಿ, ಪೆನ್ನಿನ ಟೋಪಿಯನ್ನು ತಾನೇ ಬಿಚ್ಚಿ ಮೇಧಾಳ ಮುಂದಿಟ್ಟ. ಉಪಕಾರ ಮಾಡಲು ಬಂದವರ ಗತ್ತೇ ಬೇರೆ. ಲಕ್ಕುಂಡಿಯ ಆ ಪಡಸಾಲೆಯಲ್ಲಿ ಅವನು ಕಾಲು ಚಾಚಿ ಕೂತ ಠೀವಿ ನೋಡಿದರೆ, ಮನೆ ಅವನದು, ಮೇಧಾ ಏನೋ ಬೇಡಲು ಬಂದವಳು ಎನ್ನಬೇಕು!

ಮೇಧಾಳ ತಂದೆ, ನಿವೃತ್ತ ಶಿಕ್ಷಕ ಶ್ರೀಪಾದ ಮಾಸ್ತರರು, ಊರಿನ ಶಿಲ್ಪ ಸಂರಕ್ಷಣಾ ಸಮಿತಿಯ ಉಗ್ರಾಣದಿಂದ ಚಾಮರ ಹಿಡಿದ ಹೆಣ್ಣಿನ ಕಲ್ಲುಮೂರ್ತಿ ಕದ್ದರೆಂಬ ಆರೋಪ ಹೊತ್ತು ಗದಗಿನ ಜೈಲು ಸೇರಿ ಅಂದಿಗೆ ಆರು ದಿನ. ಆ ಸಮಿತಿಯ ಅಧ್ಯಕ್ಷನೇ ಈ ಪುಂಡಲೀಕಪ್ಪ. ನಾಳೆ ಹನ್ನೊಂದು ಗಂಟೆಗೆ ಜಾಮೀನಿನ ವಿಚಾರಣೆ.

ಮೇಧಾ ಪೆನ್ನು ಮುಟ್ಟಲಿಲ್ಲ. ಕಾಗದ ಎತ್ತಿಕೊಂಡಳು. ಗದಗಿನ ಮುದ್ರಣಾಲಯವೊಂದರಲ್ಲಿ ಹನ್ನೊಂದು ವರ್ಷ ಕರಡು ತಿದ್ದಿದವಳು ಅವಳು. ಮದುವೆಯ ಲಗ್ನಪತ್ರಿಕೆಯಿರಲಿ, ಪಂಚಾಂಗವಿರಲಿ, ಪ್ರತಿ ಅಕ್ಷರಕ್ಕೂ ಬೆರಳಿಟ್ಟು ಓದದೆ ಬಿಟ್ಟವಳಲ್ಲ. ಈಗಲೂ ಬೆರಳಿಟ್ಟಳು, ಗಟ್ಟಿಯಾಗಿ ಓದಿದಳು.

"'ಮೂರ್ತಿಯನ್ನು ನಾನೇ ಒಯ್ದಿದ್ದು ನಿಜ. ತಪ್ಪಿಗಾಗಿ ಸಮಿತಿಯ ಕ್ಷಮೆ ಕೋರುತ್ತೇನೆ. ನನ್ನ ಎರಡೂ ಹಾರ್ಡ್ ಡಿಸ್ಕ್‌ಗಳನ್ನು ಸಮಿತಿಯ ವಶಕ್ಕೆ ಒಪ್ಪಿಸುತ್ತೇನೆ.'"

ಬೆರಳು 'ಎರಡೂ' ಎಂಬಲ್ಲಿ ನಿಂತಿತು.

ಪೊಲೀಸರು ಮನೆಯಿಂದ ಒಯ್ದದ್ದು ಒಂದೇ ಡಿಸ್ಕ್. ಅವರ ಪಂಚನಾಮೆಯಲ್ಲಿರುವುದೂ ಒಂದೇ. ಎರಡನೆಯದು ಇದೆ ಎಂದು ಇವನಿಗೆ ಹೇಳಿದವರು ಯಾರು? ಮೇಧಾ ಆ ಸಾಲಿನ ಪಕ್ಕ ಉಗುರಿನಿಂದ ಒಂದು ಗೀರು ಎಳೆದಳು, ಅಷ್ಟೇ.

ಅಂಗೈಯಗಲದ ಒಂದು ಕರಿ ಡಬ್ಬಿಗಾಗಿ ಇಷ್ಟೆಲ್ಲ ರಂಪ ಏಕೆಂದು ಕೇಳುವವರು ಕೇಳಲಿ. ಹದಿನೈದು ವರ್ಷ ಮಾಸ್ತರರು ಬಿಸಿಲೆನ್ನದೆ ಅಲೆದು ಊರಿನ ಒಂದೊಂದು ಕಲ್ಲನ್ನೂ ನಾಲ್ಕು ದಿಕ್ಕಿನಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಫೋಟೊ ತೆಗೆದಿದ್ದರು. ಐವತ್ತು ಸಾವಿರಕ್ಕೂ ಮಿಕ್ಕಿದ ಫೋಟೊಗಳು. ಯಾವ ಮೂರ್ತಿ ಯಾವ ಬಾವಿಯಲ್ಲಿ ಸಿಕ್ಕಿತು, ಎಲ್ಲಿಟ್ಟರು, ಎಂದಿನಿಂದ ಕಾಣುತ್ತಿಲ್ಲ, ಎಲ್ಲವೂ ಅದರಲ್ಲಿತ್ತು. ಆ ಡಬ್ಬಿ ಸಮಿತಿಯ ಕೈ ಸೇರಿದರೆ ಇನ್ನು ಮುಂದೆ ಯಾವ ಕಲ್ಲು ಮಾಯವಾದರೂ ಕೇಳುವ ಗಂಡು ಊರಲ್ಲಿ ಉಳಿಯುವುದಿಲ್ಲ.

"ಪೆನ್ನ ಮುಚ್ಚಿ ಇಟ್ಕೋರಿ ಪುಂಡಲೀಕಪ್ಪನವರ. ಸುಮ್ಮನ ಮಸಿ ಒಣಗ್ತದ," ಎಂದಳು ಮೇಧಾ.

"ಮೇಧಾ, ಸಿಟ್ಟಿನ ಕೈಯಾಗ ಬುದ್ಧಿ ಕೊಡಬ್ಯಾಡ," ಎಂದು ಕಂಬಕ್ಕೊರಗಿ ನಿಂತಿದ್ದ ಪ್ರಮೋದ ಮೆಲ್ಲಗೆ ಹೇಳಿದ. "ಕಾಕಾಗ ಎಪ್ಪತ್ತು ದಾಟಿ ಎರಡಾತು. ಶುಗರ್ ಬ್ಯಾರೆ."

ಪ್ರಮೋದ ಅವಳ ದೊಡ್ಡಪ್ಪನ ಮಗ. ಒಂಬತ್ತು ವರ್ಷಕ್ಕೇ ತಂದೆ ತೀರಿಕೊಂಡ ಮೇಲೆ ಇದೇ ಮನೆಯಲ್ಲಿ ಉಂಡು ಬೆಳೆದವನು. ಈಗ ಗದಗಿನಲ್ಲಿ ಕಂಪ್ಯೂಟರ್ ಅಂಗಡಿ. ಈ ಆರು ದಿನವೂ ಮೇಧಾಳ ಶಂಕೆ ಸುತ್ತಿದ್ದು ಅವನನ್ನೇ. ಫೋಟೊ ಕೂಡಿಸಿ ಅಂಟಿಸುವ ವಿದ್ಯೆ ಬಲ್ಲವನು ಮನೆಯಲ್ಲಿ ಅವನೊಬ್ಬನೇ ಎಂದು.

"ಅಪ್ಪ ಏನಂದಾರ ಗೊತ್ತೇನು? 'ಸತ್ರ ಜೇಲಿನ್ಯಾಗ ಸಾಯ್ತೀನಿ, ಮಾಫಿ ಬರದು ಕೊಡಂಗಿಲ್ಲ.' ಅವರು ಬರದು ಕೊಡಲಾರದ್ದನ್ನ ನಾ ಕೊಡ್ಲೇನು?"

ಪುಂಡಲೀಕಪ್ಪ ನಕ್ಕ. ಜೇಬಿನಿಂದ ಮಡಿಸಿದ ಇನ್ನೊಂದು ಕಾಗದ ತೆಗೆದು ಬಿಡಿಸಿದ. ಮಾಸ್ತರರ ಡಿಸ್ಕ್‌ನಲ್ಲಿ ಪೊಲೀಸರಿಗೆ ಸಿಕ್ಕ ಫೋಟೊದ ಪ್ರತಿ. ಕೆಂಪು ಗಾರೆಯ ನೆಲದ ಮೇಲೆ ಮೊಳದುದ್ದದ ಚಾಮರದ ಹೆಣ್ಣು. ಕೆಳಗೆ ತಾರೀಖು, ಸೆಪ್ಟೆಂಬರ್ ಮೂವತ್ತು.

"ಸೆಪ್ಟೆಂಬರ್ ಇಪ್ಪತ್ತೆಂಟಕ್ಕ ನಾವು ಐದು ಮಂದಿ ನಿಂತು ಉಗ್ರಾಣದಾಗಿನ ಮೂರ್ತಿ ಎಣಿಸಿ ಸಹಿ ಮಾಡೇವಿ. ಅವತ್ತ ಇದು ಇತ್ತು. ಮೂವತ್ತಕ್ಕ ನಿಮ್ಮ ಪಡಸಾಲ್ಯಾಗ ಬಂದು ಕುಂತೈತಿ. ಮೂರ್ತಿಗೇನು ಕಾಲು ಬಂದಿದ್ದೂವೇನು? ಈ ನೆಲ ನಿಮ್ಮದು ಹೌದೋ ಅಲ್ಲೋ, ನಿಮ್ಮವ್ವಗs ಕೇಳ್ರಿ."

"ಕೆಂಪು ಗಾರಿ ನೆಲ ಊರಾಗ ನೂರು ಮನ್ಯಾಗ ಅವ. ಮೂರ್ತಿ ಒಂದು ಕಡೆ, ನೆಲ ಒಂದು ಕಡೆ, ಕೂಡಿಸಿ ಅಂಟಿಸೋದು ಈಗಿನ ಕಾಲದಾಗ ದೊಡ್ಡ ಮಾತಲ್ಲ. ಅಮ್ಮಾ, ನೀನs ನೋಡು."

ಗೋಡೆಗೊರಗಿ ಕೂತಿದ್ದ ತಾಯಿ ಜಾನಕೀಬಾಯಿ ಕಾಗದದ ಕಡೆ ಕಣ್ಣು ಹಾಯಿಸಲಿಲ್ಲ. "ಚಷ್ಮಾ ಒಳಗದ," ಎನ್ನುತ್ತ ಎದ್ದು ಅಡುಗೆಮನೆಗೆ ಹೋದಳು.

ಮೇಧಾ ಪ್ರತಿಯನ್ನು ಹತ್ತಿರ ಹಿಡಿದಳು. ಆರು ದಿನದಿಂದ ಅದನ್ನು ಅವಳು ನೂರು ಸಲ ನೋಡಿದ್ದಳು. ಮೂರ್ತಿ ನೋಡಿದ್ದಳು, ನೆಲ ನೋಡಿದ್ದಳು, ನೆರಳು ಯಾವ ಕಡೆ ಬಿದ್ದಿದೆ ಎಂದು ನೋಡಿದ್ದಳು. ತಾರೀಖನ್ನು ಮಾತ್ರ ಬರೀ ತಾರೀಖು ಎಂದು ಬಿಟ್ಟಿದ್ದಳು. ಪಂಚಾಂಗದ ಕರಡು ತಿದ್ದುವವಳಿಗೆ ಇದೆಂಥ ಮಂಕು!

"ಪ್ರಮೋದಣ್ಣ, ಸೆಪ್ಟೆಂಬರ್ ಮೂವತ್ತು ಯಾವ ತಿಥಿ?"

"ದಸರಾದಾಗ... ಮಂಗಳವಾರ. ಅಷ್ಟಮಿ ಇರಬೇಕು."

ಎಂದವನೇ ಬಾಯಿ ತೆರೆದಂತೆಯೇ ನಿಂತ. ಮೇಧಾಳ ಕಣ್ಣುಗಳು ಅರಳಿದವು.

"ಅಮ್ಮಾ!" ಎಂದು ಕೂಗಿದಳು. "ದಸರಾದಾಗ ಅಪ್ಪನ ಡಿಸ್ಕ್ ಎಲ್ಲಿತ್ತು? ಇವರಿಗೆ ಕೇಳೂ ಹಂಗ ಹೇಳು."

ಒಳಗಿನಿಂದಲೇ ಉತ್ತರ ಬಂತು. "ಎಲ್ಲಿರ್ತದ? ಸರಸ್ವತಿ ಮುಂದ ಪೂಜಿ ಮಣಿ ಮ್ಯಾಲಿತ್ತು. ಮೂಲಾ ನಕ್ಷತ್ರದ ದಿನ ಪುಸ್ತಕ ಕೂಡಿಸಿದ್ವಿ. ಅದರ ಮ್ಯಾಲೆ ಪೆನ್ನು, ಕ್ಯಾಮೆರಾ, ಲ್ಯಾಪ್‌ಟಾಪು, ಆ ಡಬ್ಬಿ, ಎಲ್ಲಾ ಇಟ್ಟು ಮಡಿ ವಸ್ತ್ರ ಹೊದಿಸಿದ್ರು. 'ಐವತ್ತು ಸಾವಿರ ಪುಟ ಅವ ಇದರಾಗ, ಇದು ಯಂತ್ರ ಅಲ್ಲ, ಪುಸ್ತಕ' ಅಂತಾರ. ದಶಮಿ ದಿನ ಪೂಜಿ ಆಗೂತನಕ ನಮ್ಮನ್ಯಾಗ ಒಂದಕ್ಷರ ಓದಂಗಿಲ್ಲ, ಬರಿಯಂಗಿಲ್ಲ."

"ಕೇಳಿದ್ರೇನು?" ಎಂದಳು ಮೇಧಾ. "ಸಪ್ತಮಿಯಿಂದ ದಶಮಿತನಕ ಮಣಿ ಮ್ಯಾಲೆ ಮುಚ್ಚಿಟ್ಟ ಕ್ಯಾಮೆರಾ ಅಷ್ಟಮಿ ದಿನ ತಾನೇ ಎದ್ದು ಫೋಟೊ ತಗೀತೇನು?"

"ಹೆಂಡ್ತಿ ಗಂಡನ ಪರ ಹೇಳಲಾರದ ಊರ ಪರ ಹೇಳ್ತಾಳೇನು? ಅದು ಸಾಕ್ಷಿ ಅಲ್ಲ ಬಿಡ್ರಿ."

"ಹಂಗಾರ ನೀವೇ ಸಾಕ್ಷಿ."

"ನಾನಾ?"

"ಸಮಿತಿಯಿಂದ ಅಪ್ಪಗ ರಜಿಸ್ಟರ್ ಪತ್ರ ಕಳಿಸಿದ್ರಿ, ನೆನಪದೇನು? ಪೋಸ್ಟಿನಾಂವ ಅದನ್ನ ತಂದದ್ದು ಅಷ್ಟಮಿ ದಿನ. ಅಪ್ಪ ಸಹಿ ಮಾಡ್ಲಿಲ್ಲ. 'ಪೆನ್ನು ಪೂಜಿಗೆ ಕುಂತದ, ದಸರಾ ಮುಗಿಸ್ಕೊಂಡು ಬಾ' ಅಂತ ಕಳಿಸಿದ್ರು. ದಶಮಿ ಸಂಜೀಕ ಬನ್ನಿ ಕೊಡಾಕ ಬಂದಾಗ ಇದೇ ಪಡಸಾಲ್ಯಾಗ ನಿಂತು ಒದರಿದವರು ಯಾರು? 'ನನ್ನ ಪತ್ರಕ್ಕ ಒಂದು ಸಹಿ ಹಾಕಾಕ ಮಾಸ್ತರಗ ಅಷ್ಟು ಸೊಕ್ಕೇನು' ಅಂತ! ಓಣಿ ಮಂದಿಯೆಲ್ಲಾ ಕೇಳ್ಯಾರ. ಪೋಸ್ಟಿನ್ಯಾಗ ದಾಖಲೂ ಅದ."

ಪುಂಡಲೀಕಪ್ಪನ ಮುಖ ಕೆಂಪಾಯಿತು. ಒದರಿದ್ದು ಖರೆ. ಬನ್ನಿ ಹಂಚಬೇಕಾದ ಹೊತ್ತಿನಲ್ಲಿ ಬೈಗುಳ ಹಂಚಿ ಹೋದ ಗಂಡಸನ್ನು ಓಣಿ ಇನ್ನೂ ಆಡಿಕೊಂಡು ನಗುತ್ತಿತ್ತು.

"ನಿಮ್ಮ ಮಂದೀದು ಮೂರು ಮೂರು ದಿನದ ಪೂಜಿ ಐತಿ ಅಂತ ನಮಗೇನ ಗೊತ್ತು? ನಮ್ಮದು ಆಯುಧದ ಖಂಡೇಪೂಜಿ, ನವಮಿಗೆ ಒಂದs ದಿನ. ಅಷ್ಟಮಿಗೆ ನಾವೆಲ್ಲಾ ದುಡೀತೇವಿ!"

"ಗೊತ್ತಿಲ್ಲದ್ದಕ್ಕs ಅಷ್ಟಮಿ ಹಾಕಿ ಕುಂತೀರಿ," ಎಂದಳು ಮೇಧಾ. "ನವಮಿ ಬಿಟ್ಟು ಒಂದು ದಿನ ಹಿಂದ ಹೋದ್ರ ಸುರಕ್ಷಿತ ಅಂತ ತಿಳಕೊಂಡ್ರಿ. ಕ್ಯಾಲೆಂಡರಿಗೆ ಫೋಟೊ ಬೇಕಂತ ದಸರಾ ಮುಗಿದ ಮ್ಯಾಲೆ ನಾಕು ದಿನ ಡಿಸ್ಕ್ ಒಯ್ದದ್ದು ನಿಮ್ಮ ಆಫೀಸಿನ ಮಾಂತೇಶ. ಅವನ ಮನ್ಯಾಗೂ ಖಂಡೇಪೂಜಿನೇ."

"ನಾನು ತಾರೀಖು ತಿದ್ದೇನಿ ಅಂತೀಯೇನು? ಎಷ್ಟು ಸೊಕ್ಕು ನಿನಗ!"

"ನಿಮ್ಮ ಹೆಸರು ನಾ ಎಲ್ಲಿ ಹೇಳಿದೆ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ್ರಂತ."

ಪುಂಡಲೀಕಪ್ಪ ಧಡಕ್ಕನೆ ಎದ್ದ. 'ನೀವು' ಹೋಗಿ 'ನೀ' ಬಂದದ್ದು ಅವನಿಗೇ ತಿಳಿದಿರಲಿಲ್ಲ. "ನಾಳೆ ಹನ್ನೊಂದು ಗಂಟೆತನಕ ಟೈಮ್ ಐತಿ ನಿನಗ. ಪೂಜಿ-ಪುನಸ್ಕಾರದ ಕತಿ ಕೋರ್ಟಿನ್ಯಾಗ ನಡ್ಯಾಂಗಿಲ್ಲ. ಫೋಟೊ ನಿಮ್ಮಪ್ಪನ ಡಬ್ಬ್ಯಾಗ ಐತಿ, ಅಷ್ಟs ಅಲ್ಲಿ ನೋಡೂದು."

ಚಪ್ಪಲಿಯ ಸಪ್ಪಳ ಬೀದಿಗಿಳಿಯಿತು. ಪೆನ್ನನ್ನು ಮರೆತೇ ಹೋಗಿದ್ದ.

ಮೇಧಾ ಪ್ರಮೋದನ ಕಡೆ ತಿರುಗಿದಳು. "ಅಣ್ಣಾ, ತಪ್ಪಾತು. ನಿನ್ನ ಮ್ಯಾಲೆ ಸಂಶೇ ಪಟ್ಟಿದ್ದೆ. ಈ ಮನ್ಯಾಗ ಬೆಳೆದಾಂವ ಅಷ್ಟಮಿ ತಾರೀಖು ಎಂದೂ ಹಾಕಂಗಿಲ್ಲ."

"ಹೋಗ್ಲಿ ಬಿಡ. ಈಗೇನು ಮಾಡ್ತಿ?"

"ಎರಡನೇ ಡಿಸ್ಕ್ ತರೋದು. ಖರೇ ಯಾವುದು, ಸುಳ್ಳು ಯಾವುದು ಅದರಾಗ ತಿಳೀತದ. ನಡಿ, ಗಾಡಿ ತಗಿ."

ಮಾಸ್ತರರ ನೇಮ ಒಂದಿತ್ತು: ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಊರ ಹೊರಗೆ. ಮನೆಗೆ ಬೆಂಕಿ ಬಿದ್ದರೂ, ಕಳ್ಳ ಹೊಕ್ಕರೂ ಒಂದು ಉಳಿಯಬೇಕು. ಪ್ರತಿ ಅಮಾವಾಸ್ಯೆಗೆ ಲ್ಯಾಪ್‌ಟಾಪು, ಡಬ್ಬಿ ಎರಡನ್ನೂ ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ, ಎಲ್ಲಿಗೋ ಹೋಗಿ ನಕಲು ತೆಗೆದು ಬರುತ್ತಿದ್ದರು. ಎಲ್ಲಿಗೆಂದು ಮಗಳಿಗೂ ಹೇಳಿರಲಿಲ್ಲ. ನಿನ್ನೆ ಜೈಲಿನ ಸರಳಿನಾಚೆಯಿಂದ ಎರಡೇ ಮಾತು ಹೇಳಿದ್ದರು: "ಬೆಟಗೇರಿ ಮೋತಿಬಿ. ಅಮ್ಮನ್ನ ಕರಕೊಂಡು ಹೋಗು."

ಕಾರಿನಲ್ಲಿ ಮೇಧಾ ಆ ಗೀರೆಳೆದ ಕಾಗದವನ್ನು ಮತ್ತೆ ಬಿಡಿಸಿದಳು. "ಅಣ್ಣಾ, ಎರಡು ಡಿಸ್ಕ್ ಅವ ಅಂತ ಪುಂಡಲೀಕಪ್ಪಗ ಹೇಳಿದವರು ಯಾರು?"

ಪ್ರಮೋದ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಪೊಲೀಸರು ಕಾಕಾನ ಬಾಯಿ ಬಿಡಿಸಿರಬೇಕು."

ಅಪ್ಪನ ಬಾಯಿ ಬಿಡಿಸುವ ಪೊಲೀಸ ಇನ್ನೂ ಹುಟ್ಟಿಲ್ಲ ಎಂದುಕೊಂಡಳು ಮೇಧಾ. ಹಿಂದಿನ ಸೀಟಿನಲ್ಲಿ ಜಾನಕೀಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಬೆಟಗೇರಿಯ ಓಣಿಯಲ್ಲಿ ಮಗ್ಗದ ಸಪ್ಪಳ ಕಿವಿ ತುಂಬುವಷ್ಟಿತ್ತು. ಮೋತಿಬಿ ಅರವತ್ತೈದರ ಗಟ್ಟಿ ಹೆಂಗಸು. ತೀರಿಕೊಂಡ ಅವಳ ಗಂಡ ಮುಂಡರಗಿಯ ಶಾಲೆಯಲ್ಲಿ ಮಾಸ್ತರರ ಜೊತೆ ಕಲಿಸುತ್ತಿದ್ದವರು. ಕೌದಿ ಹೊಲಿಯುತ್ತ ಕೂತವಳು ಬಾಗಿಲಲ್ಲಿ ಮೂವರನ್ನೂ ನಿಲ್ಲಿಸಿ, ಒಬ್ಬೊಬ್ಬರ ಮುಖ ನೋಡಿದಳು.

"ಈ ತಮ್ಮಾ ಯಾರು?"

"ನಮ್ಮ ದೊಡ್ಡಪ್ಪನ ಮಗಾರಿ."

"ಇರ್ಲಿ. ಮಾಸ್ತರು ಹೇಳ್ಯಾರ, ಜಾನಕೀಬಾಯಾರ ಕೈಯಾಗ ಬಿಟ್ಟು ಖುದ್ದ ತಾವೇ ಚೀಟಿ ಕಳಿಸಿದ್ರೂ ಕೊಡಬ್ಯಾಡ ಅಂತ. ಭಾಭೀ, ಬರ್ರಿ, ಕುಂಡ್ರಿ."

ಟ್ರಂಕಿನ ತಳದಿಂದ ಕೌದಿ ಬಟ್ಟೆಯ ಚೀಲವೊಂದು ಹೊರಬಂತು. ಅದರೊಳಗೆ ಡಬ್ಬಿ, ಸುತ್ತಿಟ್ಟ ವಾಯರು. "ಕೆಳಗ ಬಿದ್ರ ಒಳಗಿನ ತಟ್ಟಿ ಕೆಡತೈತಿ ಅಂತ ಮಾಸ್ತರು ಹೆದರ್ತಿದ್ರು. ಅದಕ್ಕ ದಪ್ಪಾಗಿ ಹೊಲದು ಕೊಟ್ಟೆ," ಎಂದಳು ಮೋತಿಬಿ.

ಮೇಧಾ ಅಂಗಳದ ಕಟ್ಟೆಯ ಮೇಲೆ ಮನೆಯಿಂದ ತಂದ ಲ್ಯಾಪ್‌ಟಾಪ್ ಇಟ್ಟು ವಾಯರು ಚುಚ್ಚಿದಳು. ಡಬ್ಬಿಯ ದೀಪ ಮಿಣಮಿಣ ಎಂದಿತು. ವರ್ಷ, ತಿಂಗಳು, ತಿಥಿಯ ಹೆಸರು ಹೊತ್ತ ಫೋಲ್ಡರುಗಳು ಸಾಲಾಗಿ ತೆರೆದವು. ಕೊನೆಯದು ಮಹಾಲಯ ಅಮಾವಾಸ್ಯೆ, ಸೆಪ್ಟೆಂಬರ್ ಇಪ್ಪತ್ತೊಂದು.

"ಸುಳ್ಳು ಫೋಟೊ ಇದರಾಗ ಇರಾಕ ಶಕ್ಯ ಇಲ್ಲ. ಇದು ಅಷ್ಟಮಿಗಿಂತ ಒಂಬತ್ತು ದಿನ ಮೊದಲಿನ ನಕಲು," ಎಂದಳು. ದನಿಯಲ್ಲಿ ಗೆದ್ದ ಹೆಮ್ಮೆಯಿತ್ತು. ನೆಲದ ಫೋಟೊ ಎಲ್ಲಿಂದ ಕದ್ದರೆಂದು ಹುಡುಕುತ್ತ ಹಿಂದೆ ಹಿಂದೆ ಹೋದಳು. ಸೆಪ್ಟೆಂಬರ್, ಆಗಸ್ಟ್.

ಬೆರಳು ನಿಂತಿತು.

ಪರದೆಯ ತುಂಬ ಕೆಂಪು ಗಾರೆಯ ನೆಲ. ಅದರ ಮೇಲೆ ಚಾಮರದ ಹೆಣ್ಣು. ಅದೇ ನೆರಳು, ಅದೇ ಬಿರುಕು. ಪೊಲೀಸರ ಪ್ರತಿಯಲ್ಲಿ ಕತ್ತರಿಸಿ ಹಾಕಿದ್ದ ಎಡಬದಿಯಲ್ಲಿ ಅಪ್ಪನ ಅಳತೆಪಟ್ಟಿ, ಅದರಾಚೆ ಅವರ ಮನೆಯದೇ ಕಂಬ. ತಾರೀಖು ಆಗಸ್ಟ್ ಹದಿನೆಂಟು.

ಫೋಟೊ ಖರೆ! ಸುಳ್ಳಾದದ್ದು ತಾರೀಖು ಮಾತ್ರ. ಮೂರ್ತಿ ಅವರ ಪಡಸಾಲೆಯಲ್ಲೇ ಇತ್ತು. ಆರು ದಿನದಿಂದ ಊರಿಗೆ ಊರೇ ಎದುರು ನಿಂತರೂ ಬಾಗದ ಮೇಧಾಳ ಬೆನ್ನು ಆ ಕ್ಷಣ ಕುಸಿದಂತಾಯಿತು. ಅಪ್ಪಾ, ಏನ ಮಾಡಿದಿ ನೀನು?

ಪ್ರಮೋದ ಮೊದಲು ಮಾತಾಡಿದ. "ಅಳಸು."

"ಏನು?"

"ಅಳಸು ಅಂದೆ. ಈ ಡಿಸ್ಕ್ ನೋಡಿದವರು ನಾವಷ್ಟs. ನಾಳೆ ಇದು ಹೊರಗ ಬಂದ್ರ ಕಾಕಾ ಬದುಕಿರೂತನಕ ಹೊರಗ ಬರಂಗಿಲ್ಲ. ನಾ ಪೂರ್ತಿ ಫಾರ್ಮ್ಯಾಟ್ ಮಾಡಿಬಿಡ್ತೀನಿ, ಎರಡು ನಿಮಿಷದ ಕೆಲಸ. ಪೂಜಿ ಮಾತು ಹೇಳಿ ಜಾಮೀನು ತಗೊಳ್ಳೂಣು."

ಅವನು ಹೇಳಿದ್ದರಲ್ಲಿ ಲೆಕ್ಕ ತಪ್ಪಿರಲಿಲ್ಲ. ಒಂದು ಗುಂಡಿ ಒತ್ತಿದರೆ ಅಪ್ಪ ನಾಳೆ ಮನೆಗೆ. ಮೇಧಾ ಕಣ್ಣು ಮುಚ್ಚಿದಳು. ಅಪ್ಪನ ಬಾತ ಪಾದಗಳು ಕಣ್ಣ ಮುಂದೆ ಬಂದವು.

ಕಣ್ಣು ತೆರೆದು, "ಇಲ್ಲ," ಎಂದಳು.

"ಹುಚ್ಚಿ ಇದ್ದೀಯೇನು?"

"ಇದ್ದೀನಿ. ಮೂರ್ತಿ ಆಗಸ್ಟಿನ್ಯಾಗs ಉಗ್ರಾಣದಾಗ ಇರಲಿಲ್ಲ ಅಂದ ಮ್ಯಾಲೆ ಸೆಪ್ಟೆಂಬರಿನಾಗ ಅವರು ಎಣಿಸಿದ್ದು ಏನು? ಅವರ ಸುಳ್ಳೂ ಇದರಾಗನೇ ಅದ, ಅಪ್ಪನ ತಪ್ಪೂ ಇದರಾಗನೇ ಅದ. ಕೈ ಅಲ್ಲಾಡಿ ಕೆಟ್ಟ ಫೋಟೊ ಸುದ್ದಾ ಅಳಸದ ಮನಶ್ಯಾನ ಮಗಳು ನಾನು. ಅಪ್ಪ ಕಳ್ಳ ಆದ್ರ ಕಳ್ಳ ಅಂತs ಗೊತ್ತಾಗ್ಲಿ. ಅಳಸಂಗಿಲ್ಲ."

ಹಾಗೆಂದು ಹಟದಿಂದಲೇ ಮತ್ತೆ ಫೋಟೊ ನೋಡಿದಳು, ಈ ಸಲ ಕರಡು ನೋಡುವ ಕಣ್ಣಿನಿಂದ. ಅಳತೆಪಟ್ಟಿಯ ಅಂಕಿಗಳು ತಲೆಕೆಳಗಾಗಿದ್ದವು. ಹದಿನೈದು ವರ್ಷದಲ್ಲಿ, ಐವತ್ತು ಸಾವಿರ ಫೋಟೊದಲ್ಲಿ, ಅಪ್ಪ ಒಮ್ಮೆಯೂ ಪಟ್ಟಿಯನ್ನು ತಲೆಕೆಳಗೆ ಇಟ್ಟವರಲ್ಲ.

"ಇದನ್ನ ಅಪ್ಪ ತಗದಿಲ್ಲ," ಎಂದಳು.

"ನಾ ತಗದದ್ದು."

ಜಾನಕೀಬಾಯಿ ಎದ್ದು ನಿಂತಿದ್ದಳು.

"ಶ್ರಾವಣದ ಕಡೇ ಸೋಮವಾರ. ನಿಮ್ಮಪ್ಪ ಕ್ಯಾಮೆರಾ ಮನ್ಯಾಗ ಬಿಟ್ಟು ಲಕ್ಷ್ಮೇಶ್ವರಕ್ಕ ಹೋಗಿದ್ರು. ಯಾವ ಕಲ್ಲು ಕಂಡ್ರೂ ಮೊದಲು ಫೋಟೊ ತಗೀಬೇಕು ಅಂತ ಅವರು ಹೇಳ್ತಿದ್ರಲ್ಲ, ನಾ ತಗದಿಟ್ಟೆ. ಮರುದಿನ ಅವರು ಬರೂದರಾಗ ಮೂರ್ತಿ ಇರಲಿಲ್ಲ."

"ಮತ್ತ ಮನಿಗೆ ತಂದವರು ಯಾರಮ್ಮಾ?"

"ಬಾಯಿ ಬಿಡಬ್ಯಾಡ ಅಂತ ನಿಮ್ಮಪ್ಪ ನನ್ನ ಕಡೆ ಆಣಿ ತಗೊಂಡಾರ. ತಂದಿ ಇಲ್ಲದ ಹುಡುಗ, ಬಾಳು ಹಾಳಾಗ್ತದ, ತಾನೇ ಅನುಭವಿಸ್ತೀನಿ ಅಂತ. ಆರು ದಿನ ನುಂಗಿಕೊಂಡೆ. ಆದ್ರ ಅವರ ಜೀವಮಾನದ ಕೆಲಸ ಅಳಸು ಅಂದನಲ್ಲ ಇವ, ಎರಡು ನಿಮಿಷದಾಗ! ಆಣಿ ಸುಡ್ಲಿ. ನೀನೇ ಹೇಳೋ ಪ್ರಮೋದಾ, ಉಂಡ ಮನಿ ಜಂತಿ ಎಣಿಸಿದವನ, ಗೋಣಿಚೀಲದಾಗ ಸುತ್ತಿ ಹೊತ್ತುಕೊಂಡು ಬಂದಾಂವ ಯಾರು?"

ಪ್ರಮೋದ ವಾಯರು ಕಿತ್ತು, ಡಬ್ಬಿಯನ್ನು ಬಾಚಿಕೊಂಡು ಕಟ್ಟೆಯಿಂದ ಜಿಗಿದ. ನಾಲ್ಕು ಹೆಜ್ಜೆಗೆ ಅಂಗಳದ ಬಾವಿ. ಡಬ್ಬಿ ಹಿಡಿದ ಕೈಯನ್ನು ಬಾವಿಯ ಮೇಲೆ ಚಾಚಿ ನಿಂತ.

"ಬಾಗಲದಿಂದ ಸರೀರಿ ಎಲ್ಲಾರೂ. ನಾ ಹೋಗ್ತೀನಿ. ಒಂದು ಹೆಜ್ಜಿ ಮುಂದ ಬಂದ್ರೂ ಕೈ ಬಿಡ್ತೀನಿ. ಆಮ್ಯಾಲೆ ನಿಮ್ಮ ಕಡೆ ಏನೂ ಉಳಿಯಂಗಿಲ್ಲ, ತಿಳೀತಾ?"

ಮೇಧಾ ಅವನತ್ತ ಓಡಲಿಲ್ಲ. 'ಎರಡೂ' ಎಂದು ಪುಂಡಲೀಕಪ್ಪನಿಗೆ ಹೇಳಿದವನು ಯಾರೆಂದು ಇನ್ನು ಕೇಳಬೇಕಾಗಿರಲಿಲ್ಲ. ಹಿಂದಕ್ಕೆ ನಡೆದು ಬೀದಿ ಬಾಗಿಲು ಮುಚ್ಚಿದಳು, ಅಗಳಿ ಹಾಕಿದಳು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಬಿಡು," ಎಂದಳು. "ಡಬ್ಬಿ ಮುಳುಗಿದ್ರೂ ಮೂರ್ತಿ ಕದ್ದಾಂವ ಇಲ್ಲೇ ಉಳೀತಾನ."